ಸಿಯೆನಾದ ಪಾಲಿಯೊ ಕುದುರೆ ಓಟ: ಮೈಸೂರಿನಿಂದ ಹೊರಡುವವರಿಗೆ ನಾಲ್ಕು ದಿನದ ಲೆಕ್ಕ

ಮಗನೋ ಮಗಳೋ ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸಿನಲ್ಲೋ ಕೆಲಸದಲ್ಲಿದ್ದು, ಬೇಸಿಗೆಯಲ್ಲಿ ಹೋಗಿ ಎರಡು ತಿಂಗಳು ಇದ್ದು ಬರುವ ಅಪ್ಪ ಅಮ್ಮಂದಿರು ಈಗ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರು ಅಲ್ಲಿರುವ ಹೊತ್ತಿಗೇ ಇಟಲಿಯ ಸಿಯೆನಾ ಊರಿನಲ್ಲಿ ಪಾಲಿಯೊ ನಡೆಯುತ್ತದೆ. ಊರ ನಟ್ಟನಡುವಿನ ಚೌಕದಲ್ಲಿ ಹತ್ತು ಕುದುರೆ, ಜೀನಿಲ್ಲದ ಸವಾರಿ, ಮೂರು ಸುತ್ತು. ಎಲ್ಲ ಸೇರಿ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ನಿಮಿಷ.

ಈ ಒಂದೂವರೆ ನಿಮಿಷಕ್ಕಾಗಿ ಓಟದ ದಿನ ಬೆಳಿಗ್ಗೆ ಬಸ್ಸಿಳಿದು, ರಾತ್ರಿ ಬಸ್ಸು ಹತ್ತಿ ವಾಪಸು ಹೋಗುವ ಪ್ರವಾಸಿಗರೇ ಹೆಚ್ಚು. ಅವರಿಗೆ ಸಿಗುವುದು ಬಿಸಿಲು, ನೂಕುನುಗ್ಗಲು, ಮುಂದಿನವರ ಬೆನ್ನು. ಪಾಲಿಯೊ ಒಂದು ಓಟವಲ್ಲ, ನಾಲ್ಕು ದಿನದ ಹಬ್ಬ. ಮೊದಲ ದಿನ ಕುದುರೆಗಳನ್ನು ಚೀಟಿ ಎತ್ತಿ ಹಂಚುವಾಗ ನೀವು ಅಲ್ಲಿದ್ದರೆ, ನಾಲ್ಕನೆಯ ದಿನದ ಓಟದಲ್ಲಿ ಯಾರು ಯಾಕೆ ಅಳುತ್ತಿದ್ದಾರೆ, ಯಾರು ಯಾಕೆ ಕುಣಿಯುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಇಲ್ಲಿರುವ ಲೆಕ್ಕವೆಲ್ಲ ನಾಲ್ಕು ದಿನ ಇರುವವರಿಗೆ. ಅಷ್ಟು ಸಾಧ್ಯವಿಲ್ಲ ಎನ್ನುವವರು ಓಟದ ಹಿಂದಿನ ದಿನ ಮಧ್ಯಾಹ್ನದೊಳಗಾದರೂ ಊರು ಸೇರಿಕೊಳ್ಳಿ.

ತಾರೀಖು

ನಮ್ಮ ದಸರಾ ತಿಥಿ ನೋಡಿಕೊಂಡು ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ. ಪಾಲಿಯೊ ಹಾಗಲ್ಲ. ವರ್ಷಕ್ಕೆ ಎರಡು ಸಲ, ಜುಲೈ 2 ಮತ್ತು ಆಗಸ್ಟ್ 16. ಜುಲೈಯದು ಪ್ರೊವೆಂಜಾನೊದ ಮಾತೆ ಮೇರಿಯ ಹೆಸರಿನಲ್ಲಿ, ಆಗಸ್ಟ್‌ನದು ಮೇರಿಯ ಸ್ವರ್ಗಾರೋಹಣದ ಹಬ್ಬದ ಮರುದಿನ. ಚೌಕವನ್ನು ಸುತ್ತುವ ಈ ಓಟ ಹದಿನೇಳನೆಯ ಶತಮಾನದಿಂದ ನಡೆದುಬಂದಿದೆ. ಕೋವಿಡ್ ಕಾಲದ 2020 ಮತ್ತು 2021ರಲ್ಲಿ ನಡೆಯಲಿಲ್ಲ.

ತಾರೀಖು ಖಚಿತ ಎಂದು ಓಟದ ಮರುದಿನಕ್ಕೇ ವಾಪಸು ವಿಮಾನದ ಟಿಕೆಟ್ ಮಾಡಿಸಬೇಡಿ. ಕಲ್ಲುಹಾಸಿನ ಮೇಲೆ ಮಣ್ಣು ಹರಡಿ ಓಟದ ಹಾದಿ ಮಾಡಿರುತ್ತಾರೆ. ಮಳೆ ಬಿದ್ದರೆ ಆ ಮಣ್ಣು ಜಾರುತ್ತದೆ, ಓಟ ಮುಂದಕ್ಕೆ ಹೋಗುತ್ತದೆ. ಆಗ ಪುರಭವನದ ಕಿಟಕಿಯಲ್ಲಿ ಹಸಿರು ಬಾವುಟ ಕಾಣಿಸುತ್ತದೆ. ಹಸಿರು ಅಂದರೆ ಹೊರಡಿ ಅಂತಲ್ಲ, ಇವತ್ತು ಇಲ್ಲ ಅಂತ. 2024ರಲ್ಲಿ ಜುಲೈ 2ರ ಓಟ ನಡೆದದ್ದು 4ಕ್ಕೆ, ಆಗಸ್ಟ್ 16ರದು 17ಕ್ಕೆ. ಓಟದ ನಂತರ ಕನಿಷ್ಠ ಎರಡು ದಿನ ಖಾಲಿ ಇಟ್ಟುಕೊಂಡು ಟಿಕೆಟ್ ಮಾಡಿಸಿ.

ಎರಡರಲ್ಲಿ ಯಾವುದು? ಆಗಸ್ಟ್ ನಡುವಿನಲ್ಲಿ ಇಟಲಿಗೆ ಇಟಲಿಯೇ ರಜೆ ಹಾಕುತ್ತದೆ. ರೂಮು ದುಬಾರಿ, ಜನ ಜಾಸ್ತಿ. ಮೊದಲ ಸಲ ಹೋಗುವವರಿಗೆ ಜುಲೈ ಒಳ್ಳೆಯದು. ಕತ್ತಲಾಗುವುದೂ ತಡ, ಜುಲೈ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ಸುಮಾರು ಒಂಬತ್ತಕ್ಕೆ.

ಹದಿನೇಳು ಮೊಹಲ್ಲಾ

ಓಡುವುದು ಕುದುರೆಯಾದರೂ ಗೆಲ್ಲುವುದು ಮೊಹಲ್ಲಾ. ಸಿಯೆನಾದವರು ಅದಕ್ಕೆ ಕೊಂತ್ರಾದಾ ಎನ್ನುತ್ತಾರೆ. ನಜರ್‌ಬಾದ್, ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ ಎಂದು ಹೇಳಿಕೊಂಡು ಬೆಳೆದವರಿಗೆ, ಒಂದೊಂದು ಕೇರಿಯ ಗರಡಿಮನೆಗೂ ಅದರದೇ ಅಭಿಮಾನವಿದ್ದ ಕಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಟ್ಟು ಹದಿನೇಳು. ಗಡಿಗಳನ್ನು 1729ರಲ್ಲಿ ಅಲ್ಲಿನ ಆಡಳಿತ ನಡೆಸುತ್ತಿದ್ದ ರಾಜಕುಮಾರಿ ವಿಯೊಲಾಂತೆ ಗೊತ್ತುಮಾಡಿದಳು; ಇಂದಿಗೂ ಅವೇ. ಪ್ರತಿ ಮೊಹಲ್ಲಾಕ್ಕೂ ತನ್ನದೇ ಪ್ರಾರ್ಥನಾಮಂದಿರ, ಲಾಯ, ವಸ್ತುಸಂಗ್ರಹ, ಬಣ್ಣ, ಲಾಂಛನ ಇವೆ. ಮಗು ಹುಟ್ಟಿದರೆ ಚರ್ಚಿನ ದೀಕ್ಷೆಯ ಜೊತೆ ಮೊಹಲ್ಲಾದ ಕಾರಂಜಿಯ ನೀರಿನಲ್ಲೂ ಒಂದು ದೀಕ್ಷೆ ಆಗುತ್ತದೆ.

ಮೈಸೂರಿನವರ ಕಣ್ಣು ಮೊದಲು ನಿಲ್ಲುವುದು ತೊರ್ರೆ ಎಂಬ ಮೊಹಲ್ಲಾದ ಬಾವುಟದ ಮೇಲೆ. ಕಡುಗೆಂಪು ಬಟ್ಟೆ, ಅದರಲ್ಲಿ ಒಂದು ಆನೆ, ಆನೆಯ ಬೆನ್ನಿನ ಮೇಲೆ ಗೋಪುರ. ದೂರದಿಂದ ನೋಡಿದರೆ ಅಂಬಾರಿ ಹೊತ್ತ ಹಾಗೇ ಕಾಣುತ್ತದೆ. ಅದನ್ನು ಕಂಡ ತಕ್ಷಣ ನಮ್ಮದು ಎನ್ನಿಸಿ ಆ ಬಣ್ಣದ ರುಮಾಲು ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಲಿ: ತೊರ್ರೆಯವರಿಗೆ ಓಕಾ, ಅಂದರೆ ಬಾತುಕೋಳಿಯ ಮೊಹಲ್ಲಾದವರೂ, ಓಂದಾ, ಅಂದರೆ ಅಲೆಯ ಮೊಹಲ್ಲಾದವರೂ ವೈರಿಗಳು. ಆ ರುಮಾಲು ಕಟ್ಟಿಕೊಂಡು ಓಕಾದ ಬೀದಿಗೆ ಊಟಕ್ಕೆ ಹೋಗುವ ಹಾಗಿಲ್ಲ.

ಉಳಿದ ವೈರಗಳೂ ಗೊತ್ತಿದ್ದರೆ ಒಳ್ಳೆಯದು. ಮುಳ್ಳುಹಂದಿಯ ಮೊಹಲ್ಲಾಕ್ಕೂ ಹೆಣ್ಣುತೋಳದ ಮೊಹಲ್ಲಾಕ್ಕೂ ಆಗದು. ಬಸವನಹುಳುವಿಗೂ ಆಮೆಗೂ, ಹದ್ದಿಗೂ ಚಿರತೆಗೂ, ಗೂಬೆಗೂ ಒಂಟಿಕೊಂಬಿನ ಕುದುರೆಗೂ, ಕಪ್ಪೆಚಿಪ್ಪಿಗೂ ಟಗರಿಗೂ ಹಾಗೆಯೇ. ಕಂಬಳಿಹುಳು, ಡ್ರ್ಯಾಗನ್, ಜಿರಾಫೆ, ಕಾಡು, ಈ ನಾಲ್ಕಕ್ಕೆ ವೈರಿಗಳಿಲ್ಲ. ಮೊದಲ ಸಲ ಹೋಗುವವರು ಈ ನಾಲ್ಕರಲ್ಲಿ ಒಂದರ ರುಮಾಲು ಕಟ್ಟಿಕೊಂಡರೆ ಎಲ್ಲಿ ನಡೆದಾಡಿದರೂ ಮುಖ ಸಿಂಡರಿಸುವವರಿಲ್ಲ.

ಹದಿನೇಳರಲ್ಲಿ ಒಂದು ಸಲಕ್ಕೆ ಓಡುವುದು ಹತ್ತು ಮಾತ್ರ. ಹಿಂದಿನ ವರ್ಷದ ಅದೇ ತಿಂಗಳ ಓಟದಲ್ಲಿ ಇಲ್ಲದಿದ್ದ ಏಳಕ್ಕೆ ಹಕ್ಕಿನಿಂದ ಜಾಗ; ಉಳಿದ ಮೂರನ್ನು ಕೆಲವು ವಾರ ಮುಂಚೆ ಚೀಟಿ ಎತ್ತಿ ಆರಿಸುತ್ತಾರೆ. ರೂಮು ಬುಕ್ ಮಾಡುವಾಗಲೇ ಆ ಏಳು ಯಾವುವೆಂದು ನೋಡಿಕೊಳ್ಳಬಹುದು. ಓಡುವ ಮೊಹಲ್ಲಾದ ಬೀದಿಯಲ್ಲಿ ರೂಮು ಸಿಕ್ಕರೆ ನಿದ್ದೆ ಕಡಿಮೆಯಾಗುತ್ತದೆ, ಹಬ್ಬ ಮಾತ್ರ ಬಾಗಿಲಿಗೇ ಬರುತ್ತದೆ.

ವೀಸಾ, ದಾರಿ, ರೂಮು

ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಜುಲೈ ಓಟಕ್ಕೆ ಫೆಬ್ರವರಿ, ಮಾರ್ಚ್‌ನಲ್ಲೇ ಕೆಲಸ ಶುರುವಾಗಲಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ಖುದ್ದಾಗಿ ಹೋಗಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಹಲವರು ಎಡವುವುದು ಇಲ್ಲಿ: ಇಟಲಿಯ ಹಬ್ಬ ನೋಡಬೇಕೆಂದು ಇಟಲಿಗೇ ಅರ್ಜಿ ಹಾಕುತ್ತಾರೆ. ಅರ್ಜಿ ಹೋಗಬೇಕಾದ್ದು ಹೆಚ್ಚು ದಿನ ಇರುವ ದೇಶಕ್ಕೆ. ಮಗನ ಮನೆಯಲ್ಲಿ ಜರ್ಮನಿಯಲ್ಲಿ ಐವತ್ತು ದಿನ, ಸಿಯೆನಾದಲ್ಲಿ ಆರು ದಿನ ಎಂದಾದರೆ ಜರ್ಮನಿಗೇ ಹಾಕಿ. ಅದೇ ವೀಸಾದಲ್ಲಿ ಇಟಲಿಗೆ ಹೋಗಿಬರಬಹುದು.

ಸಿಯೆನಾಕ್ಕೆ ದೊಡ್ಡ ವಿಮಾನ ನಿಲ್ದಾಣ ಇಲ್ಲ. ಫ್ಲಾರೆನ್ಸಿನಿಂದ ವೇಗದ ಬಸ್ಸಿನಲ್ಲಿ ಒಂದೂಕಾಲು ಗಂಟೆ, ರೈಲಿನಲ್ಲಿ ಒಂದೂವರೆ. ಬಸ್ಸೇ ಮೇಲು. ಅದು ಹಳೇ ಊರಿನ ಹತ್ತಿರ ಇಳಿಸುತ್ತದೆ, ರೈಲು ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ರೋಮ್‌ನ ತಿಬುರ್ತಿನಾ ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಬಾಡಿಗೆ ಕಾರು ತೆಗೆದುಕೊಂಡರೆ ಹಳೇ ಊರಿನೊಳಕ್ಕೆ ನುಗ್ಗಿಸಬೇಡಿ. ಪ್ರವೇಶದಲ್ಲೇ ಕ್ಯಾಮರಾ ಇರುತ್ತದೆ, ದಂಡದ ಕಾಗದ ತಿಂಗಳುಗಟ್ಟಲೆ ಆದಮೇಲೆ ಬರುತ್ತದೆ.

ರೂಮನ್ನು ಆರು ತಿಂಗಳು ಮುಂಚೆ ಹಿಡಿಯಿರಿ. ಕೋಟೆಯೊಳಗೆ ಸಿಗದಿದ್ದರೆ ರೈಲಿನಲ್ಲಿ ಅರ್ಧ ಗಂಟೆ ದೂರದ ಪೊಜ್ಜಿಬೊನ್ಸಿ ನೋಡಬಹುದು. ಆದರೆ ಓಟದ ರಾತ್ರಿ ಕೊನೆಯ ರೈಲು ತಪ್ಪಿದರೆ ಬೆಳಗಿನವರೆಗೆ ಬೀದಿಯೇ ಗತಿ. ಮಂಡಿನೋವಿನವರು ಗಮನಿಸಿ: ಸಿಯೆನಾ ಮೂರು ದಿಣ್ಣೆಗಳ ಮೇಲಿನ ಕಲ್ಲುಹಾಸಿನ ಊರು. ಯಾವ ಕಡೆ ಹೋದರೂ ಹತ್ತುವುದು, ಇಳಿಯುವುದು. ಒಳಗೆ ಆಟೋ ಇಲ್ಲ.

ಮೊದಲ ದಿನ: ಕುದುರೆ ಹಂಚಿಕೆ

ಜೂನ್ 29, ಇಲ್ಲವೇ ಆಗಸ್ಟ್ 13. ಇದನ್ನು ತ್ರಾತ್ತಾ ಎನ್ನುತ್ತಾರೆ. ಬೆಳಿಗ್ಗೆ ಕುದುರೆಗಳನ್ನು ಗುಂಪು ಗುಂಪಾಗಿ ಓಡಿಸಿ ನೋಡಿ, ಮೊಹಲ್ಲಾಗಳ ನಾಯಕರು ಹತ್ತನ್ನು ಆರಿಸುತ್ತಾರೆ. ಹತ್ತೂ ಹೆಚ್ಚುಕಡಿಮೆ ಒಂದೇ ಮಟ್ಟದವಾಗಿರುವಂತೆ ನೋಡಿಕೊಳ್ಳುತ್ತಾರೆ. ಅತಿ ಚುರುಕಿನ ಕುದುರೆಯನ್ನು ಬೇಕೆಂದೇ ಕೈಬಿಡುವುದೂ ಉಂಟು. ಎಲ್ಲವೂ ಮಿಶ್ರ ತಳಿಯವು. ರೇಸ್‌ಕೋರ್ಸಿನ ಥರೋಬ್ರೆಡ್ ಕುದುರೆಗೆ ಇಲ್ಲಿನ ಇಳಿಜಾರು, ಮೊಳಕೈ ತಿರುವು ಹಿಡಿಸದು.

ಆಮೇಲೆ ಚೀಟಿ. ಯಾವ ಕುದುರೆ ಯಾವ ಮೊಹಲ್ಲಾಕ್ಕೆ ಎಂಬುದು ಪೂರ್ತಿ ಅದೃಷ್ಟ. ಕೊಳ್ಳುವಂತಿಲ್ಲ, ಬದಲಿಸುವಂತಿಲ್ಲ. ಗೆದ್ದು ಹೆಸರು ಮಾಡಿದ ಕುದುರೆ ಬಂದರೆ ಮೊಹಲ್ಲಾಕ್ಕೆ ಮೊಹಲ್ಲಾವೇ ಕೂಗುತ್ತಾ ಕುದುರೆಯನ್ನು ನಡೆಸಿಕೊಂಡು ಹೋಗುತ್ತದೆ. ಸಪ್ಪೆ ಕುದುರೆ ಬಂದವರು ಮಾತಿಲ್ಲದೆ ನಡೆಯುತ್ತಾರೆ. ಅವರ ಮುಖ ನೋಡಲಿಕ್ಕೇ ಈ ಬೆಳಿಗ್ಗೆ ಚೌಕದಲ್ಲಿರಬೇಕು. ಈ ಕ್ಷಣದಿಂದ ಕುದುರೆಗೆ ಪೆಟ್ಟಾದರೆ ಬದಲಿ ಕುದುರೆ ಇಲ್ಲ, ಆ ಮೊಹಲ್ಲಾ ಓಟದಿಂದಲೇ ಹೊರಗೆ. ಹಾಗಾಗಿ ಲಾಯದ ಮುಂದೆ ಹಗಲೂ ರಾತ್ರಿ ಕಾವಲಿರುತ್ತದೆ. ಅಲ್ಲಿ ನಿಂತು ಇಣುಕಬೇಡಿ, ಫ್ಲ್ಯಾಶ್ ಹಾಕಬೇಡಿ, ಮುಟ್ಟಲು ಕೈ ಚಾಚಬೇಡಿ. ಸವಾರನನ್ನು ಮಾತ್ರ ಓಟದ ದಿನದ ಬೆಳಿಗ್ಗೆಯವರೆಗೂ ಬದಲಿಸಬಹುದು. ಅವನು ದುಡ್ಡಿಗೆ ಬಂದವನು, ಬಹುಪಾಲು ಹೊರಗಿನವನು.

ಎರಡು, ಮೂರನೆಯ ದಿನ: ತಾಲೀಮು ಓಟ

ಒಟ್ಟು ಆರು ತಾಲೀಮು. ಮೊದಲ ದಿನದ ಸಂಜೆ ಒಂದು, ಮುಂದಿನ ಎರಡು ದಿನ ಬೆಳಿಗ್ಗೆ ಸಂಜೆ ಒಂದೊಂದು, ಓಟದ ದಿನದ ಬೆಳಿಗ್ಗೆ ಕೊನೆಯದು. ಬೆಳಗಿನವು ಒಂಬತ್ತರ ಸುಮಾರಿಗೆ. ಸಂಜೆಯವು ಜುಲೈನಲ್ಲಿ ಏಳೂ ಮುಕ್ಕಾಲಿನ ಆಸುಪಾಸು, ಆಗಸ್ಟ್‌ನಲ್ಲಿ ಅದಕ್ಕಿಂತ ಅರ್ಧ ಗಂಟೆ ಮುಂಚೆ.

ವಯಸ್ಸಾದವರಿಗೆ, ಮಕ್ಕಳಿರುವವರಿಗೆ ಈ ತಾಲೀಮುಗಳೇ ಪಾಲಿಯೊ. ಅದೇ ಹತ್ತು ಕುದುರೆ, ಅದೇ ಹಾದಿ, ಓಟ ಬಿಡುವ ಅದೇ ಹಗ್ಗ. ಚೌಕದ ನಡುವೆ ನಿಲ್ಲಲು ದುಡ್ಡಿಲ್ಲ, ಒಂದು ಗಂಟೆ ಮುಂಚೆ ಹೋದರೂ ಬೇಲಿಯ ಪಕ್ಕ ಜಾಗ ಸಿಗುತ್ತದೆ. ಮರದ ಅಟ್ಟಣೆಯ ಸೀಟು ಬೇಕೆಂದರೂ ಓಟದ ದಿನದ ಬೆಲೆಗೆ ಹೋಲಿಸಿದರೆ ತೀರಾ ಅಗ್ಗ. ಮೊಹಲ್ಲಾದವರು ಗುಂಪಾಗಿ ಕುದುರೆಯ ಹಿಂದೆ ಹಾಡುತ್ತಾ ಚೌಕಕ್ಕೆ ಬರುವುದು, ವೈರಿ ಮೊಹಲ್ಲಾದ ಅಟ್ಟಣೆಯ ಎದುರು ಹಾಡಿನಲ್ಲೇ ಕೆಣಕುವುದು ಚೆನ್ನಾಗಿ ಕೇಳಿಸುವುದು ಈ ಸಂಜೆಗಳಲ್ಲಿ. ತಾಲೀಮಿನಲ್ಲಿ ಗೆದ್ದ ಕುದುರೆ ಓಟದಲ್ಲೂ ಗೆಲ್ಲುತ್ತದೆ ಎಂದು ಲೆಕ್ಕ ಹಾಕಬೇಡಿ. ಒಳ್ಳೆಯ ಕುದುರೆ ಸಿಕ್ಕವರು ದಣಿಸಬಾರದೆಂದು ಲಗಾಮು ಎಳೆದೇ ಓಡಿಸುತ್ತಾರೆ.

ಐದನೆಯ ತಾಲೀಮು, ಅಂದರೆ ಓಟದ ಹಿಂದಿನ ಸಂಜೆಯದು, ದೊಡ್ಡದು. ಅದು ಮುಗಿದ ಮೇಲೆ ಓಡುವ ಹತ್ತೂ ಮೊಹಲ್ಲಾಗಳಲ್ಲಿ ಬೀದಿಯುದ್ದಕ್ಕೂ ಮೇಜು ಹಾಕಿ ಸಾಲುಪಂಕ್ತಿಯ ಊಟ. ಸವಾರನೂ ನಾಯಕನೂ ಎದ್ದು ನಿಂತು ಮಾತಾಡುತ್ತಾರೆ. ಹೊರಗಿನವರೂ ದುಡ್ಡು ಕೊಟ್ಟು ಕೂರಬಹುದು, ಆದರೆ ಆಯಾ ಮೊಹಲ್ಲಾದ ಕಚೇರಿಗೆ ಮುಂಚಿತವಾಗಿ ಬರೆದು ಚೀಟಿ ತೆಗೆದುಕೊಳ್ಳಬೇಕು. ಮಾಂಸವಿಲ್ಲದ ಊಟ ಬೇಕೆಂದು ಆಗಲೇ ತಿಳಿಸಿ. ನಾಲ್ಕು ದಿನದಲ್ಲಿ ಒಂದಕ್ಕೇ ಹಣ ಖರ್ಚು ಮಾಡುವುದಾದರೆ ಈ ಊಟಕ್ಕೆ ಮಾಡಿ.

ಓಟದ ದಿನ ಎಲ್ಲಿ ನಿಲ್ಲಬೇಕು

ಕಾಂಪೊ ಚೌಕ ಬೀಸಣಿಗೆಯ ಆಕಾರದ್ದು, ಬೋಗುಣಿಯಂತೆ ತಗ್ಗು. ಮೇಲಂಚಿನಲ್ಲಿ ಫೋಂತೆ ಗಾಯಾ ಎಂಬ ಕಾರಂಜಿ, ತಳದಲ್ಲಿ ಗೋಪುರವಿರುವ ಪುರಭವನ. ಓಟದ ಹಾದಿ ಅಂಚಿನ ಸುತ್ತ; ಒಂದು ಸುತ್ತಿಗೆ ಮುನ್ನೂರ ಮೂವತ್ತು ಮೀಟರಿನ ಮೇಲೆ ಸ್ವಲ್ಪ. ಪ್ರೇಕ್ಷಕರಿಗೆ ಮೂರು ಬಗೆಯ ಜಾಗ.

ಮನೆಗಳ ಕಿಟಕಿ ಮತ್ತು ಬಾಲ್ಕನಿ ಅತ್ಯುತ್ತಮ, ಅತ್ಯಂತ ದುಬಾರಿ. ಕಟ್ಟಡಗಳಿಗೆ ಒತ್ತಿ ಕಟ್ಟಿದ ಮರದ ಅಟ್ಟಣೆಗೂ ತಲೆಗೆ ನೂರಾರು ಯೂರೋ. ಅದನ್ನು ಮಾರುವುದು ಹಿಂದಿನ ಅಂಗಡಿ, ಹೋಟೆಲುಗಳ ಮಾಲೀಕರು. ತಿಂಗಳುಗಟ್ಟಲೆ ಮುಂಚೆ ಮಾತಾಡಿಕೊಳ್ಳಬೇಕು. ಬರೀ ಹಲಗೆ, ಒರಗಲು ಬೆನ್ನಿಲ್ಲ, ಮುಂದಿನವರ ಬೆನ್ನಿಗೆ ನಿಮ್ಮ ಮಂಡಿ ತಾಗುತ್ತದೆ. ಆದರೂ ಅರವತ್ತು ದಾಟಿದವರು ಓಟದ ದಿನವೇ ನೋಡಬೇಕೆಂದು ಹಟ ಹಿಡಿದರೆ ಇದೊಂದೇ ದಾರಿ.

ಮೂರನೆಯದು ಚೌಕದ ನಡುಮಧ್ಯ. ಬಿಟ್ಟಿ, ಟಿಕೆಟ್ ಇಲ್ಲ. ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಬೆಳಿಗ್ಗೆಯಿಂದ ಜಂಬೂಸವಾರಿಗೆ ಕಾದು ಕೂತವರಿಗೆ ಕಾಯುವುದು ಹೊಸದಲ್ಲ. ಆದರೆ ಅಲ್ಲಿ ಬೇಡವೆನಿಸಿದರೆ ಎದ್ದು ಹೋಗಬಹುದು, ಕಡಲೆಪುರಿಯವನು ಬರುತ್ತಾನೆ, ಹಿಂದೊಂದು ಹೋಟೆಲಿರುತ್ತದೆ. ಕಾಂಪೊದ ನಡುವಿಗೆ ಒಮ್ಮೆ ಹೊಕ್ಕು ಹಾದಿ ಮುಚ್ಚಿದರೆ ಓಟ ಮುಗಿಯುವವರೆಗೆ ಹೊರಬರುವಂತಿಲ್ಲ. ಶೌಚಾಲಯವಿಲ್ಲ, ಕೂರಲು ಬಿಸಿಯೇರಿದ ಇಟ್ಟಿಗೆ ನೆಲ ಮಾತ್ರ. ಮಕ್ಕಳ ಗಾಡಿ, ಕುರ್ಚಿ, ಛತ್ರಿ, ಗಾಜಿನ ಬಾಟಲಿ ಬಿಡುವುದಿಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಖಂಡಿತ ಹೋಗಬೇಡಿ.

ಹೋಗುವವರು ಹೀಗೆ ಮಾಡಿ. ಬೇಲಿಯ ಪಕ್ಕವೇ ಬೇಕೆಂದರೆ ಮಧ್ಯಾಹ್ನ ಎರಡು ಗಂಟೆಗೆಲ್ಲ ಒಳಗಿರಿ. ಬರೀ ಒಳಗಿದ್ದರೆ ಸಾಕೆಂದರೆ ನಾಲ್ಕರ ಸುಮಾರಿಗೆ. ಒಂದೊಂದೇ ಹಾದಿ ಮುಚ್ಚುತ್ತಾ ಬಂದು ಕೊನೆಗೆ ಉಳಿಯುವುದು ಪುರಭವನದ ಪಕ್ಕದ ವಿಯಾ ದುಪ್ರೆ. ಅದು ತೆರೆದಿರುತ್ತದೆಂದು ನಂಬಿ ತಡಮಾಡಬೇಡಿ. ಚೌಕ ತುಂಬಿತೆಂದರೆ ಅದನ್ನೂ ಮುಚ್ಚುತ್ತಾರೆ.

ಕುಳ್ಳಗಿರುವವರು ತಳದ ಕಡೆ ಇಳಿಯಬಾರದು. ಮೇಲಂಚಿನ ಕಾರಂಜಿಯ ಹತ್ತಿರ ನಿಂತರೆ ನೆಲದ ಇಳಿಜಾರೇ ನಿಮಗೆ ಎತ್ತರ ಕೊಡುತ್ತದೆ, ಎದುರಿನ ತಿರುವುಗಳು ತಲೆಗಳ ಮೇಲಿನಿಂದ ಕಾಣುತ್ತವೆ. ಬೇಲಿಯ ಪಕ್ಕ ನಿಂತರೆ ಕುದುರೆ ಮೂರು ಸಲ ಕೈಯಳತೆಯಲ್ಲಿ ಹಾದುಹೋಗುತ್ತದೆ, ಮಣ್ಣು ಮುಖಕ್ಕೆ ಎರಚುತ್ತದೆ, ಉಳಿದ ಓಟ ಕಾಣುವುದಿಲ್ಲ. ಎರಡೂ ಒಟ್ಟಿಗೆ ಸಿಗದು. ಹಗ್ಗದ ಬಳಿಯ ಹೊರಡುವ ಜಾಗವೂ ಮೇಲಂಚಿನ ಕಡೆಗೇ ಇದೆ, ಆದ್ದರಿಂದ ಮೊದಲ ಸಲಕ್ಕೆ ಕಾರಂಜಿಯ ಕಡೆಯೇ ಸರಿ. ನೆರಳು ಮೊದಲು ಬೀಳುವುದು ಪಶ್ಚಿಮದ ಕಟ್ಟಡಗಳಿಂದ.

ತಲೆಗೆ ಎರಡು ಲೀಟರ್ ನೀರು, ಪ್ಲಾಸ್ಟಿಕ್ ಬಾಟಲಿಯಲ್ಲಿ. ಒಂದೇ ಸಲ ಗಟಗಟ ಕುಡಿಯದೆ ಗುಟುಕು ಗುಟುಕಾಗಿ. ಇಲ್ಲದಿದ್ದರೆ ಶೌಚಾಲಯದ ತೊಂದರೆ. ಉಪ್ಪು ಸಕ್ಕರೆಯ ಓಆರ್‌ಎಸ್ ಪೊಟ್ಟಣ ಎರಡು, ಅಗಲ ಅಂಚಿನ ಟೋಪಿ, ಒದ್ದೆ ಮಾಡಿ ಕತ್ತಿಗೆ ಸುತ್ತಿಕೊಳ್ಳಲು ಹತ್ತಿಯ ಟವೆಲ್. ಮೈಸೂರಿನ ಬಿಸಿಲಿಗೆ ಹೊಂದಿಕೊಂಡವರು ಇದನ್ನು ಹಗುರಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ 35 ಡಿಗ್ರಿ ದಾಟುವುದುಂಟು, ಸುತ್ತ ಇಟ್ಟಿಗೆ ಗೋಡೆ, ಗಾಳಿಯಾಡದು. ತಲೆಸುತ್ತಿ ಬೀಳುವವರನ್ನು ಸ್ಟ್ರೆಚರಿನಲ್ಲಿ ಹೊರಗೆ ಒಯ್ಯುವುದು ಪ್ರತಿ ಸಲದ ನೋಟ. ರಕ್ತದೊತ್ತಡ, ಸಕ್ಕರೆಯ ಮಾತ್ರೆ ಜೇಬಿನಲ್ಲೇ ಇರಲಿ.

ಆ ದಿನದ ಕ್ರಮ

ಬೆಳಿಗ್ಗೆ ಪುರಭವನದ ಪಕ್ಕದ ಸಣ್ಣ ಗುಡಿಯಲ್ಲಿ ಸವಾರರಿಗೆ ಪ್ರಾರ್ಥನೆ, ನಂತರ ಕೊನೆಯ ತಾಲೀಮು. ಅದಾದ ಮೇಲೆ ಸವಾರರ ಹೆಸರು ದಾಖಲಾಗುತ್ತದೆ. ಅಲ್ಲಿಂದಾಚೆ ಸವಾರನನ್ನೂ ಬದಲಿಸುವಂತಿಲ್ಲ.

ಮಧ್ಯಾಹ್ನ ಎರಡೂವರೆ, ಮೂರರ ಹೊತ್ತಿಗೆ ಕುದುರೆಗೆ ಆಶೀರ್ವಾದ. ಕುದುರೆಯನ್ನು ಮೊಹಲ್ಲಾದ ಪ್ರಾರ್ಥನಾಮಂದಿರದ ಒಳಕ್ಕೇ ನಡೆಸಿ ತರುತ್ತಾರೆ. ನೆಲದ ಮೇಲೆ ಲಾಳದ ಟಕ್ ಟಕ್ ಬಿಟ್ಟರೆ ಬೇರೆ ಸದ್ದಿಲ್ಲ. ಪಾದ್ರಿ ನೀರು ಚಿಮುಕಿಸಿ, ಹೋಗು, ಗೆದ್ದು ಬಾ ಎನ್ನುತ್ತಾನೆ. ಕುದುರೆ ಒಳಗೆ ಲದ್ದಿ ಹಾಕಿದರೆ ಶುಭ. ಹೊರಗಿನವರನ್ನು ಜಾಗವಿದ್ದರೆ ಬಿಡುತ್ತಾರೆ, ಆದರೆ ಒಂದು ಕೆಮ್ಮು, ಮೊಬೈಲಿನ ಒಂದು ಸದ್ದು ಕೂಡ ಕುದುರೆಯನ್ನು ಬೆದರಿಸಬಹುದು. ಫೋನ್ ಆಫ್ ಮಾಡಿ ಒಳಗಿಟ್ಟುಕೊಳ್ಳಿ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಹೇಗೆ ಬರೀ ಪ್ರದರ್ಶನವಲ್ಲವೋ ಇದೂ ಹಾಗೆ. ಆಶೀರ್ವಾದ ನೋಡಿದವರಿಗೆ ಚೌಕದ ಬೇಲಿಯ ಪಕ್ಕದ ಜಾಗ ಸಿಗದು. ಎರಡರಲ್ಲಿ ಒಂದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಸಂಜೆ ಐದರ ಸುಮಾರಿಗೆ ಮೆರವಣಿಗೆ. ಮೊದಲು ಅಶ್ವಾರೋಹಿ ಪೊಲೀಸರು ಕತ್ತಿ ಹಿರಿದು ಒಂದು ಸುತ್ತು ನಾಗಾಲೋಟ ಹೊಡೆಯುತ್ತಾರೆ. ಬಳಿಕ ಎರಡು ಗಂಟೆ, ಮಧ್ಯಯುಗದ ಉಡುಪಿನಲ್ಲಿ ನೂರಾರು ಜನ, ಪ್ರತಿ ಮೊಹಲ್ಲಾದ ತಮಟೆಯವನು, ಬಾವುಟವನ್ನು ಆಕಾಶಕ್ಕೆ ಎಸೆದು ಹಿಡಿಯುವ ಇಬ್ಬರು ಹುಡುಗರು. ಗೋಪುರದ ಗಂಟೆ ಬಿಡದೆ ಬಡಿಯುತ್ತದೆ. ಕೊನೆಗೆ ನಾಲ್ಕು ಬಿಳಿ ಎತ್ತು ಎಳೆಯುವ ರಥ. ಮಂಡ್ಯ ಕಡೆಯ ಹಳ್ಳಿಕಾರ್ ಜೋಡಿ ಸಾಕಿದವರು ಈ ಕಿಯಾನೀನಾ ಎತ್ತುಗಳನ್ನು ಕಂಡರೆ ಓಟವನ್ನೇ ಮರೆತಾರು. ಭುಜ ಆಳೆತ್ತರ ಇರುವ ತಳಿ ಅದು. ಆ ರಥದ ಮೇಲಿರುವ ಉದ್ದನೆಯ ರೇಷ್ಮೆಯ ಪಟವೇ ಪಾಲಿಯೊ. ಪ್ರತಿ ಓಟಕ್ಕೂ ಹೊಸ ಪಟ. ಗೆದ್ದವರಿಗೆ ಬಹುಮಾನವೆಂದರೆ ಅಷ್ಟೇ.

ಓಟವನ್ನು ಓದುವುದು ಹೇಗೆ

ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸಿಗೆ ಹೋಗಿ ಅಭ್ಯಾಸವಿದ್ದವರು ತೂಕ, ಜಾಕಿಯ ದಾಖಲೆ, ಬುಕ್ಕಿಯ ದರ ಹುಡುಕುತ್ತಾರೆ. ಇಲ್ಲಿ ಬುಕ್ಕಿಗಳ ಕಟ್ಟೆ ಇಲ್ಲ, ಹೊರಡುವ ಗೇಟೂ ಇಲ್ಲ. ಇರುವುದು ಎರಡು ದಪ್ಪ ಹಗ್ಗ.

ಜುಲೈನಲ್ಲಿ ಏಳೂವರೆಗೆ, ಆಗಸ್ಟ್‌ನಲ್ಲಿ ಏಳಕ್ಕೆ ಸಿಡಿಮದ್ದಿನ ಒಂದು ಸದ್ದು, ಕುದುರೆಗಳು ಪುರಭವನದ ಬಾಗಿಲಿನಿಂದ ಹೊರಗೆ. ನಮ್ಮಲ್ಲಿ ಆಗ ರಾತ್ರಿ ಹನ್ನೊಂದು, ಇಲ್ಲವೇ ಹತ್ತೂವರೆ. ಮನೆಯಲ್ಲಿರುವವರಿಗೆ ನೇರಪ್ರಸಾರ ನೋಡಲು ಹೇಳಿ. ಬಾಗಿಲಲ್ಲಿ ಪ್ರತಿ ಸವಾರನ ಕೈಗೆ ನೆರ್ಬೊ ಕೊಡುತ್ತಾರೆ. ಒಣಗಿಸಿದ ಹೋರಿಯ ಶಿಶ್ನದಿಂದ ಮಾಡಿದ ಚಾಟಿ ಅದು. ತನ್ನ ಕುದುರೆಗೆ ಮಾತ್ರವಲ್ಲ, ಪಕ್ಕದ ಕುದುರೆಗೂ ಸವಾರನಿಗೂ ಬೀಸಬಹುದು.

ಹಗ್ಗದ ಬಳಿ ನಿಲ್ಲುವ ಕ್ರಮ ಗುಟ್ಟಾದ ಚೀಟಿಯಿಂದ ಆಗ ತಾನೇ ಗೊತ್ತಾಗುತ್ತದೆ. ಓಟ ಬಿಡುವ ಅಧಿಕಾರಿ ಒಂದೊಂದೇ ಮೊಹಲ್ಲಾದ ಹೆಸರು ಕೂಗುತ್ತಾನೆ. ಇಲ್ಲಿ ಕಿವಿಗೊಡಿ. ಮೊದಲ ಹೆಸರಿಗೆ ಒಳಬೇಲಿಯ ಪಕ್ಕದ ಒಳ್ಳೆಯ ಜಾಗ. ವೈರಿಗಳಿಬ್ಬರ ಹೆಸರು ಒಂದರ ಹಿಂದೊಂದು ಬಂತೆಂದರೆ ಚೌಕವೇ ಹೋ ಎನ್ನುತ್ತದೆ; ಅಕ್ಕಪಕ್ಕ ನಿಂತು ಒಬ್ಬರನ್ನೊಬ್ಬರು ತಡೆಯುವುದೇ ಅವರ ಕೆಲಸವಾಗುತ್ತದೆ. ಒಂಬತ್ತು ಕುದುರೆ ಎರಡು ಹಗ್ಗದ ನಡುವೆ. ಹತ್ತನೆಯದು ಹೊರಗೆ, ಹಿಂದೆ. ಆ ಹತ್ತನೆಯವನು ಯಾವಾಗ ಓಡಿ ಒಳನುಗ್ಗುತ್ತಾನೋ ಆಗ ಮುಂದಿನ ಹಗ್ಗ ಬೀಳುತ್ತದೆ, ಓಟ ಶುರು. ಎಂದರೆ ಇಡೀ ಊರಿನ ಹಣೆಬರಹ ಕೆಲ ನಿಮಿಷ ಅವನ ಕೈಯಲ್ಲಿ. ತನ್ನ ವೈರಿಯ ಕುದುರೆ ಅಡ್ಡ ತಿರುಗಿದಾಗ, ತನ್ನ ಗೆಳೆಯರದು ನೇರ ನಿಂತಾಗ ಹೊರಡಲು ಅವನು ಕಾಯುತ್ತಾನೆ. ಸವಾರರು ಹಗ್ಗದ ಬಳಿಯೇ ಪಿಸುಗುಟ್ಟಿ ಹಣದ ಮಾತಾಡುತ್ತಾರೆ. ಇದು ಮೋಸವಲ್ಲ, ಆಟದ ಭಾಗ. ಮೊಹಲ್ಲಾಗಳು ಇದಕ್ಕೆಂದೇ ವರ್ಷವಿಡೀ ಹಣ ಕೂಡಿಸುತ್ತವೆ.

ಈ ಕಾಯುವಿಕೆ ಹತ್ತು ನಿಮಿಷವಾಗಬಹುದು, ಒಂದು ಗಂಟೆ ಮೀರಬಹುದು. ಕುದುರೆಗಳು ಕ್ರಮ ತಪ್ಪಿದರೆ ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಕರೆಯುತ್ತಾರೆ. ಹಗ್ಗ ಬಿದ್ದ ಮೇಲೂ ಸಿಡಿಮದ್ದು ಹಾರಿದರೆ ಆ ಹೊರಡುವಿಕೆ ರದ್ದು. ಸದ್ದು ಬರದಿದ್ದರೆ ಓಟ ನಿಜ. ಬೆಳಕು ಆರಿದರೆ ನಾಳೆಗೆ. ಏನೂ ಆಗುತ್ತಿಲ್ಲವೆಂದು ಬೇಸರಪಡುವವರು ಪಾಲಿಯೊದ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಹತ್ತನೆಯ ಕುದುರೆಯನ್ನೇ ನೋಡುತ್ತಿರಿ.

ಓಟ ಬಿಟ್ಟ ಮೇಲೆ ಕಣ್ಣಿಡಬೇಕಾದ ಜಾಗ ಎರಡು. ಸಾನ್ ಮಾರ್ತಿನೊ ಎಂಬ ಇಳಿಜಾರಿನ ಬಲತಿರುವು, ಅಲ್ಲಿ ಗೋಡೆಗೆ ಹಾಸಿಗೆ ಕಟ್ಟಿರುತ್ತಾರೆ. ಆಮೇಲೆ ಕಾಸಾತೊ ಎಂಬ ಏರಿನ ತಿರುವು. ಇಳಿಜಾರಿನಲ್ಲಿ ವೇಗ ತಡೆಯಲಾಗದೆ ಹೊರಕ್ಕೆ ಸರಿದ ಕುದುರೆ ಹಾಸಿಗೆಗೆ ಬಡಿಯುತ್ತದೆ, ಜೀನಿಲ್ಲದ ಸವಾರ ಉರುಳುತ್ತಾನೆ. ಸವಾರ ಬಿದ್ದರೂ ಕುದುರೆ ಓಟದಲ್ಲೇ ಇದೆ. ಒಂಟಿಯಾಗಿ ಓಡಿ ಮೊದಲು ಮುಟ್ಟಿದರೆ ಗೆಲುವು ಆ ಮೊಹಲ್ಲಾದ್ದೇ. ಎರಡನೆಯ ಸ್ಥಾನಕ್ಕೆ ಬೆಲೆಯಿಲ್ಲ. ಗೆಲುವಿನ ಹತ್ತಿರ ಬಂದು ತಪ್ಪಿಸಿಕೊಂಡವರೇ ಹೆಚ್ಚು ಸೋತವರೆಂಬುದು ಅಲ್ಲಿನ ಮಾತು.

ಕುದುರೆಗಳಿಗೆ ಪೆಟ್ಟಾಗುತ್ತದೆ, ಸತ್ತದ್ದೂ ಇದೆ. ಪ್ರಾಣಿದಯೆಯವರ ವಿರೋಧ ಹಳೆಯದು. ಮುಂಚಿತ ವೈದ್ಯಕೀಯ ಪರೀಕ್ಷೆ, ತಿರುವಿನ ಹಾಸಿಗೆ, ಮುದಿ ಕುದುರೆಗಳಿಗೆ ವಿಶ್ರಾಂತಿಯ ತಾಣ ಎಲ್ಲ ಬಂದಿವೆ, ಅಪಾಯ ಪೂರ್ತಿ ಹೋಗಿಲ್ಲ. ಕಣ್ಣೆದುರು ಕುದುರೆ ಬೀಳುವುದನ್ನು ತಾಳಲಾರದವರು ತಾಲೀಮು, ಆಶೀರ್ವಾದ, ಮೆರವಣಿಗೆ ನೋಡಿ, ಓಟದ ಹೊತ್ತಿಗೆ ರೂಮಿನಲ್ಲಿರಿ.

ಹೊಟ್ಟೆಯ ವಿಚಾರ

ಸಸ್ಯಾಹಾರಿಗಳಿಗೆ ಸಿಯೆನಾ ಕಷ್ಟದ ಊರಲ್ಲ. ಪೀಚಿ ಎಂಬ ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯನ್ನು ಬೆಳ್ಳುಳ್ಳಿ, ಟೊಮ್ಯಾಟೊ ಗೊಜ್ಜಿನಲ್ಲಿ ಕೊಡುತ್ತಾರೆ; ಆಲ್ಯೋನೆ ಎಂದು ಕೇಳಿ. ರಿಬೊಲ್ಲೀತಾ ಎಂಬ ಬ್ರೆಡ್ಡು, ಕಾಳು, ಕೋಸಿನ ಗಟ್ಟಿ ಸಾರು ಚೆನ್ನಾಗಿರುತ್ತದೆ, ಆದರೆ ಮಾಂಸದ ರಸದಲ್ಲಿ ಬೇಯಿಸಿಲ್ಲವೇ ಎಂದು ಕೇಳಲೇಬೇಕು. ಸೆನ್ಸಾ ಕಾರ್ನೆ, ಸೆನ್ಸಾ ಬ್ರೋದೊ ದಿ ಕಾರ್ನೆ, ಅಂದರೆ ಮಾಂಸವಿಲ್ಲದೆ, ಮಾಂಸದ ರಸವಿಲ್ಲದೆ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಚಟ್ನಿಪುಡಿ ಒಯ್ದವರು ಬದುಕಿದರು. ಚೌಕದಲ್ಲಿ ಕಾಯುವಾಗ ಕೋಡುಬಳೆ, ನಿಪ್ಪಟ್ಟಿಗಿಂತ ಒಳ್ಳೆಯದಿಲ್ಲ, ಆದರೆ ನೀರಡಿಕೆ ಹೆಚ್ಚುತ್ತದೆಂಬುದು ನೆನಪಿರಲಿ. ತುಪ್ಪ, ಪೇಡ ಕಟ್ಟಿಕೊಂಡು ಹೋಗಬೇಡಿ. ಹಾಲಿನ ಪದಾರ್ಥವನ್ನು ಯುರೋಪಿನ ಒಕ್ಕೂಟದೊಳಕ್ಕೆ ತರುವಂತಿಲ್ಲ.

ಓಟ ಮುಗಿದ ಕೂಡಲೇ

ಹತ್ತು ನಿಮಿಷ ನಿಂತಲ್ಲೇ ನಿಲ್ಲಿ. ಗೆದ್ದವರು ಬೇಲಿ ಹಾರಿ ಹಾದಿಗೆ ನುಗ್ಗುತ್ತಾರೆ, ವೈರಿಗಳು ಎದುರಾದರೆ ಕೈಕೈ ಮಿಲಾಯಿಸುವುದೂ ಇದೆ. ನಡುವೆ ಹೋಗಿ ವಿಡಿಯೊ ತೆಗೆಯಬೇಡಿ, ಅಳುತ್ತಿರುವವರ ಮುಖಕ್ಕೆ ಫೋನ್ ಹಿಡಿಯಬೇಡಿ. ಜನ ಕರಗಿದ ಮೇಲೆ ಗೆದ್ದವರ ಹಿಂದೆ ಹೋಗಿ. ಜುಲೈನಲ್ಲಿ ಪ್ರೊವೆಂಜಾನೊ ಚರ್ಚಿಗೆ, ಆಗಸ್ಟ್‌ನಲ್ಲಿ ದೊಡ್ಡ ಕ್ಯಾಥೆಡ್ರಲಿಗೆ ಪಟ ಹೊತ್ತು ಓಡುತ್ತಾರೆ. ಒಳಗೆ ಸ್ತೋತ್ರ ಹಾಡುವಾಗ ಗಂಡಸರು ಬಿಕ್ಕುವುದು ಕೇಳಿಸುತ್ತದೆ.

ಮರುದಿನ ಬೆಳಿಗ್ಗೆ ಬಸ್ಸಿಗೆ ಆತುರಪಡಬೇಡಿ. ಗೆದ್ದ ಮೊಹಲ್ಲಾದವರು ತಮಟೆ, ಬಾವುಟ, ಪಟದ ಜೊತೆ ಊರು ಸುತ್ತುತ್ತಾರೆ. ಅಜ್ಜಂದಿರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಅವರ ಬಾಯಲ್ಲೋ ಕೊರಳಲ್ಲೋ ಎಳೆಮಕ್ಕಳ ರಬ್ಬರ್ ನಿಪ್ಪಲ್ ಇರುತ್ತದೆ. ಗೆದ್ದ ಮೊಹಲ್ಲಾ ಹೊಸದಾಗಿ ಹುಟ್ಟಿದೆ ಎಂದರ್ಥ.